ಬೋಳು ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸುವುದು: ಮುಂಬೈಯಲ್ಲಿ ಕೈಗೆಟುಕುವ ಖರ್ಚಿನಲ್ಲಿ ಹಳೆಯ ಫಿಯಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಎಂಜಿನ್ ಇಲ್ಲ, ಸೀಟಿಲ್ಲ, ಗಾಜಿಲ್ಲ, ನಾಲ್ಕು ಇಟ್ಟಿಗೆ ಮೇಲೆ ಕೂತ ಒಂದು ಪ್ರೀಮಿಯರ್ ಪದ್ಮಿನಿ. ಇಂಥ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಒಂದು ಮಾತು. ಬೋಳು ಗಾಡಿಯಲ್ಲಿ ಜೇಬು ಸುಡುವುದು ಎಂಜಿನ್ ಅಲ್ಲ, ಇಲ್ಲದಿರುವ ಚಿಲ್ಲರೆ ಸಾಮಾನು. ಡೋರಿನ ಹ್ಯಾಂಡಲ್, ತ್ರಿಕೋನ ಗಾಜಿನ ಫ್ರೇಮ್, ಬಂಪರಿನ ಬ್ರಾಕೆಟ್, ಡ್ಯಾಶ್‌ಬೋರ್ಡಿನ ಸ್ವಿಚ್, ಬೀಡಿಂಗಿನ ಕ್ಲಿಪ್. ಒಂದೊಂದಕ್ಕೂ ಮೂರು ಬಾರಿ ಕುರ್ಲಾದ ಬಿಡಿಭಾಗದ ಬಜಾರಿಗೆ ಓಡಬೇಕು. ಹೀಗಾಗಿ ಈ ಮಾರ್ಗದರ್ಶಿ ಎಂಜಿನ್‌ನಿಂದ ಶುರುವಾಗುವುದಿಲ್ಲ. ಕಾಗದ, ಆಮೇಲೆ ಪಟ್ಟಿ, ಆಮೇಲೆ ಪತ್ರಾ (ಬಾಡಿಯ ತಗಡು), ಆಮೇಲೆ ಬ್ರೇಕ್. ಎಂಜಿನ್ ಸರದಿ ಅದಾದ ಮೇಲೆಯೇ.

ಈ ಗಾಡಿಯನ್ನೇ ಏಕೆ ಆರಿಸಬೇಕು? ಇದು ಕುರ್ಲಾದಲ್ಲೇ ಹುಟ್ಟಿದ್ದು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, ನಡುವೆ ಪ್ರೆಸಿಡೆಂಟ್ ಎನಿಸಿಕೊಂಡು, 1974ರಿಂದ ಪದ್ಮಿನಿಯಾಯಿತು. ಊರು ತುಂಬ ಕಾಲಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಬರವಿರಲಿಲ್ಲ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ಮುಗಿದು ಅದೂ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಆ ಟ್ಯಾಕ್ಸಿಗಳೇ ಇಂದಿನ ಗುಜರಿ. ಇಲ್ಲಿನವರ ಬಾಯಲ್ಲಿ ಭಂಗಾರ್. ಆ ರಾಶಿಗೆ ಇನ್ನು ಹೊಸದು ಬಂದು ಬೀಳುವುದಿಲ್ಲ. ಹಾಗಾಗಿ ಬಿಡಿಭಾಗ ಕೊಳ್ಳುವ ಕೆಲಸವನ್ನು ಮುಂದೂಡಬೇಡಿ.

ಮೊದಲು ಕಾಗದ

ಆರ್‌ಸಿ ಇಲ್ಲದ ಪದ್ಮಿನಿ ಎಷ್ಟೇ ಚೆನ್ನಾಗಿದ್ದರೂ ಬಿಡಿಭಾಗದ ಮೂಟೆ ಅಷ್ಟೇ. ದುಡ್ಡು ಕೊಡುವ ಮುನ್ನ ಇಷ್ಟು ನೋಡಿ:

1. ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಂದಣಿಯ ಸ್ಥಿತಿ ನೋಡಿ. ರದ್ದಾಗಿದೆ ಅಥವಾ ಸ್ಕ್ರ್ಯಾಪ್ ಎಂದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಟ್ಯಾಕ್ಸಿ ಆಗಿದ್ದ ಗಾಡಿಯಾದರೆ ಎರಡು ಪಟ್ಟು ಎಚ್ಚರ ಬೇಕು.
2. ಬಾನೆಟ್ ಎತ್ತಿ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಸಿಯ ಜೊತೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ನಂಬರಿನ ಸುತ್ತ ವೆಲ್ಡಿಂಗ್ ಗುರುತು ಇದ್ದರೆ ಕೊಳ್ಳಬೇಡಿ.
3. ಹಸ್ತಾಂತರಕ್ಕೆ ಫಾರ್ಮ್ 29 ಮತ್ತು 30, ಬೇರೆ ಆರ್‌ಟಿಓದಿಂದ ಬರುವುದಾದರೆ ಫಾರ್ಮ್ 28ರ ಎನ್‌ಓಸಿ, ಹಳೆಯ ಸಾಲದ ನಮೂದು ಉಳಿದಿದ್ದರೆ ಫಾರ್ಮ್ 35. ಸಾಲ ತೀರಿ ಮೂವತ್ತು ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿರುವುದುಂಟು.
4. ಖಾಸಗಿ ಕಾರಿಗೆ 15 ವರ್ಷದ ನಂತರ ಐದೈದು ವರ್ಷಕ್ಕೆ ಫಾರ್ಮ್ 25ರಲ್ಲಿ ನವೀಕರಣ, ಜೊತೆಗೆ ಪರಿಸರ ತೆರಿಗೆ. ನವೀಕರಣಕ್ಕೆ ಗಾಡಿಯನ್ನು ಓಡುವ ಸ್ಥಿತಿಯಲ್ಲಿ ತೋರಿಸಬೇಕು. ಅವಧಿ ಮುಗಿದಿದ್ದರೆ ತಡದ ದಂಡವನ್ನೂ ಲೆಕ್ಕಕ್ಕೆ ಸೇರಿಸಿ.

ಎಂಜಿನ್ ನಂಬರ್ ಕೂಡ ಆರ್‌ಸಿಯಲ್ಲಿರುತ್ತದೆ. ಬೋಳು ಗಾಡಿಗೆ ಬೇರೆ ಎಂಜಿನ್ ಕೂರಿಸಿದರೆ ಆರ್‌ಟಿಓ ಅನುಮತಿ ಪಡೆದು ನಮೂದಿಸಲೇಬೇಕು. ಗುಜರಿಯವನು ಕೊಡುವ ಎಂಜಿನ್‌ಗೆ ಬಿಲ್ ಕೇಳಿ, ಅದರ ನಂಬರನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಮೊದಲ ನೋಂದಣಿಗೆ 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಲ್ಲಿ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಕೇಳಲು ಚೆಂದ, ಆದರೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ಭಾನುವಾರ ಮಾಟುಂಗಕ್ಕೆ ಹೋಗಿ ಇಡ್ಲಿ ತಿಂದು ಬರುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯೇ ಸರಿ.

ದುಡ್ಡಿನ ಹಂಚಿಕೆ

ಗಾಡಿಯ ಬೆಲೆ ಬಿಟ್ಟು ಎರಡೂವರೆ ಲಕ್ಷ ರೂಪಾಯಿ ಇಟ್ಟುಕೊಂಡಿದ್ದೀರಿ ಎನ್ನೋಣ. ಬಾಡಿ ಮತ್ತು ಬಣ್ಣಕ್ಕೆ 85 ಸಾವಿರ, ಎಂಜಿನ್-ಗೇರ್‌ಬಾಕ್ಸಿಗೆ 50 ಸಾವಿರ, ಬ್ರೇಕ್, ಸಸ್ಪೆನ್ಷನ್, ಟೈರಿಗೆ 45 ಸಾವಿರ, ಇಲ್ಲದ ಚಿಲ್ಲರೆ ಸಾಮಾನಿಗೆ 30 ಸಾವಿರ, ವೈರಿಂಗಿಗೆ 15 ಸಾವಿರ. ಉಳಿದ 25 ಸಾವಿರವನ್ನು ಮುಟ್ಟಬೇಡಿ. ಪತ್ರಾ ಕತ್ತರಿಸಿದಾಗ ಒಳಗಿಂದ ಹೊಸ ತುಕ್ಕು ಕಾಣುತ್ತದಲ್ಲ, ಅದು ಆಗ ಬೇಕಾಗುತ್ತದೆ. ಬಿಚ್ಚುವುದು, ಉಜ್ಜುವುದು, ತೊಳೆಯುವುದು, ಜೋಡಿಸುವುದು ನೀವೇ ಮಾಡಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ವೆಲ್ಡಿಂಗ್, ಲೇತ್ ಕೆಲಸ, ಕೊನೆಯ ಬಣ್ಣ ಈ ಮೂರಕ್ಕೆ ಕೂಲಿ ಕೊಡಿ. ಜಾಗದ ಬಾಡಿಗೆ ಇದರಲ್ಲಿಲ್ಲ. ಸೊಸೈಟಿಯ ಪಾರ್ಕಿಂಗಿನಲ್ಲಿ ಗ್ರೈಂಡರ್ ಹಚ್ಚಿದರೆ ಮೂರನೇ ದಿನ ಕಾರ್ಯದರ್ಶಿ ಬಾಗಿಲು ತಟ್ಟುತ್ತಾರೆ, ಹಾಗಾಗಿ ಗ್ಯಾರೇಜಿನವರ ಗಾಲಾದಲ್ಲಿ (ಕೆಲಸದ ಶೆಡ್ಡಿನಲ್ಲಿ) ಒಂದು ಮೂಲೆ ಹಿಡಿಯುವುದೇ ವಾಸಿ.

ಇಲ್ಲದ್ದರ ಪಟ್ಟಿ, ಆಮೇಲೆ ಬಜಾರು

ಒಂದಿಡೀ ದಿನ ಗಾಡಿಯ ಸುತ್ತ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಮುಂದಿನ ಬಂಪರಿನಿಂದ ಡಿಕ್ಕಿಯ ಬೀಗದವರೆಗೆ ಮೂರು ಕಾಲಂ: ಇದೆ, ಇದ್ದರೂ ಕೆಟ್ಟಿದೆ, ಇಲ್ಲ. ಮೂರನೆಯದು ತುಂಬ ಉದ್ದವಾದರೆ ಬಿಡಿಬಿಡಿಯಾಗಿ ಕೊಳ್ಳುವ ಯೋಚನೆ ಬಿಟ್ಟು ಇನ್ನೊಂದು ಸತ್ತ ಪದ್ಮಿನಿಯನ್ನೇ ಇಡಿಯಾಗಿ ಕೊಳ್ಳಿ. ಬೇಕಾದ್ದು ತೆಗೆದುಕೊಂಡು ಉಳಿದದ್ದನ್ನು ಭಂಗಾರ್ ತೂಕಕ್ಕೆ ಹಾಕಿದರೆ ಸಾಮಾನ್ಯವಾಗಿ ಅದೇ ಅಗ್ಗ. ಎಂದೂ ಪಟ್ಟಿಗೆ ಬರದ ವಾಷರ್, ಕ್ಲಿಪ್, ಬ್ರಾಕೆಟ್‌ಗಳೂ ಜೊತೆಗೇ ಬರುತ್ತವೆ.

ಬಿಡಿಭಾಗಕ್ಕೆ ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಹೊಸ ಸ್ಪೇರಿಗೆ ಒಪೇರಾ ಹೌಸ್ ಸುತ್ತಮುತ್ತ, ಚಿಲ್ಲರೆ ಅಲಂಕಾರದ ಸಾಮಾನಿಗೆ ಚೋರ್ ಬಜಾರ್. ಪುಣೆಯವರಿಗೆ ನಾನಾ ಪೇಠ್ ಮತ್ತು ಬುಧವಾರ, ಭಾನುವಾರದ ಜೂನಾ ಬಜಾರ್. ಹಳೆಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ‘ಫಿಯಟ್‌ದು’ ಎಂದರೆ ಅಂಗಡಿಯವರು ಮೂರು ಬಗೆಯದು ತೆಗೆದಿಡುತ್ತಾರೆ. ಕೊನೆಯ ವರ್ಷಗಳ ಮಾಡೆಲ್‌ಗಳಲ್ಲಿ ಗೇರ್ ಲಿವರ್ ಸ್ಟೀರಿಂಗ್ ಬಿಟ್ಟು ನೆಲಕ್ಕೆ ಇಳಿದಿತ್ತು, ಡೀಸೆಲ್ ಮಾಡೆಲ್ ಬೇರೆಯೇ ಇತ್ತು. ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು. ಅಂಬಾಸಡರ್ ಬಿಚ್ಚಿ ಪಳಗಿದ ಕೈ ಇಂಚಿನ ಪಾನಾ ಹಾಕಿ ತಿರುಗಿಸಿದರೆ ತಲೆ ಜಾರುತ್ತದೆ.

ಟ್ಯಾಕ್ಸಿಯಿಂದ ಬಂದ ಪತ್ರಾ ಕೊಳ್ಳುವಾಗ ನಾಲ್ಕು ಕಡೆ ಕೈಯಾಡಿಸಿ. ಮೇಲೆ ಸಾಮಾನಿನ ಕ್ಯಾರಿಯರ್ ಕಚ್ಚಿದ್ದ ಛಾವಣಿಯ ಗಟಾರು ತುಕ್ಕು ತಿಂದಿರುತ್ತದೆ. ಎಡ ಮುಂಭಾಗದಲ್ಲಿ ಹಳೆಯ ಮೀಟರ್ ಕೂರಿಸಿದ ತೂತು ಇರುತ್ತದೆ. ಡಿಕ್ಕಿಯ ತಳದಲ್ಲಿ ಸಿಎನ್‌ಜಿ ಸಿಲಿಂಡರಿನ ಬೋಲ್ಟ್ ತೂತು ಮತ್ತು ಭಾರಕ್ಕೆ ಬಾಗಿದ ಪತ್ರಾ. ಹಿಂದಿನ ಡೋರುಗಳು ದಿನಕ್ಕೆ ಐವತ್ತು ಸಲ ಬಡಿಸಿಕೊಂಡು ಹಿಂಜ್ ಸವೆದಿರುತ್ತವೆ. ಮುಂದಿನ ಎಡ ಡೋರು ಮಾತ್ರ ಹೆಚ್ಚಾಗಿ ಚೆನ್ನಾಗಿರುತ್ತದೆ, ಅಲ್ಲಿ ಕೂರುತ್ತಿದ್ದವರು ಕಡಿಮೆ.

ಬಿಚ್ಚುವುದು ಮತ್ತು ತುಕ್ಕು

ಬಿಚ್ಚಿದ ಪ್ರತಿ ಭಾಗಕ್ಕೂ ಮೊದಲೊಂದು ಫೋಟೋ, ಆಮೇಲೆ ಜಿಪ್ ಚೀಲ, ಚೀಲದೊಳಗೆ ಬೋಲ್ಟ್ ಜೊತೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಪೆನ್ನಿನ ಶಾಯಿ ಎಣ್ಣೆಗೆ ಅಳಿಸಿ ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಎರಡು ದಿನ ಮೊದಲೇ ಎಣ್ಣೆ ಬಿಡಿ.

ಸಣ್ಣ ಉಕ್ಕಿನ ಭಾಗಗಳ ತುಕ್ಕಿಗೆ ಅತಿ ಅಗ್ಗದ ಮದ್ದು ಕಾಕಂಬಿ. ದನದ ಮೇವಿನ ಅಂಗಡಿಯ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದರಿಂದ ಎರಡು ವಾರ ಮುಳುಗಿಸಿಡಿ. ವಾಸನೆ ಸಹಿಸಲಾಗದು, ಆದರೆ ಉಕ್ಕು ತಿನ್ನದೆ ತುಕ್ಕನ್ನಷ್ಟೇ ತೆಗೆಯುತ್ತದೆ. ಅಲ್ಯುಮಿನಿಯಂ ಮತ್ತು ಸತು ಎರಕದ ತುಂಡುಗಳನ್ನು ಮಾತ್ರ ಹಾಕಬೇಡಿ, ಕರಗಿ ಹೋಗುತ್ತವೆ. ತೆಗೆದ ಕೂಡಲೇ ತೊಳೆದು ಒಣಗಿಸಿ, ಅರ್ಧ ಗಂಟೆಯೊಳಗೆ ಪ್ರೈಮರ್ ಹೊಡೆಯಿರಿ. ಮುಂಬೈಯ ಗಾಳಿಗೆ ಬೋಳು ಉಕ್ಕು ಸಂಜೆಯೊಳಗೆ ಕೆಂಪಾಗುತ್ತದೆ.

ಪತ್ರಾ ಕೆಲಸ: ಇಲ್ಲಿ ಅವಸರ ಬೇಡ

ಪದ್ಮಿನಿಗೆ ಲಾರಿಯಂತೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಡೋರಿನ ಕೆಳಗಿನ ಸಿಲ್, ಫ್ಲೋರಿನ ಅಂಚು, ಹಿಂದಿನ ಪಟ್ಟಾ ಸ್ಪ್ರಿಂಗ್ ಕಚ್ಚುವ ಜಾಗ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಈ ನಾಲ್ಕು ಗಟ್ಟಿಯಿಲ್ಲದಿದ್ದರೆ ಮೇಲಿನ ಬಣ್ಣವೆಲ್ಲ ‘ಮೇಲೆ ಥಳುಕು ಒಳಗೆ ಹುಳುಕು’. ಸ್ಕ್ರೂಡ್ರೈವರಿನಿಂದ ಜೋರಾಗಿ ಚುಚ್ಚಿ ನೋಡಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಇದೆ ಎಂದರ್ಥ.

ಸಿಲ್ ಬದಲಿಸುವ ಕ್ರಮ ಹೀಗೆ:

1. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಧಾರ ಸಸ್ಪೆನ್ಷನ್ ಕೂರುವ ಜಾಗಗಳ ಕೆಳಗೇ ಇರಲಿ, ನಡುವೆ ಬೇಡ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ.
2. ಡೋರು ತೆಗೆಯುವ ಮುಂಚೆ ಡೋರಿನ ಸುತ್ತಲ ಸಂದು ಅಳೆದು ಬರೆದಿಡಿ. ತೆಗೆದ ಮೇಲೆ ಬಾಗಿಲ ಚೌಕಟ್ಟಿನ ಎರಡೂ ಮೂಲೆಯಳತೆ (ಮೂಲೆಯಿಂದ ಎದುರು ಮೂಲೆಗೆ ಓರೆ ಅಳತೆ) ಬರೆದಿಡಿ.
3. ಒಂದಿಂಚಿನ ಚೌಕ ಪೈಪನ್ನು ಮುಂದಿನ ಮತ್ತು ನಡುವಿನ ಕಂಬಗಳ ನಡುವೆ ಅಡ್ಡಡ್ಡ, ಎಡದಿಂದ ಬಲಕ್ಕೂ ಒಂದು, ವೆಲ್ಡ್ ಮಾಡಿ ಬಿಗಿಯಿರಿ. ಇದನ್ನು ಬಿಟ್ಟವರ ಗಾಡಿ ನಡು ಮುರಿದು ಕೂರುತ್ತದೆ, ಆಮೇಲೆ ಡೋರು ಹಾಕಲು ಆಗುವುದೇ ಇಲ್ಲ.
4. ಒಂದು ಸಲಕ್ಕೆ ಒಂದೇ ಬದಿ ಕತ್ತರಿಸಿ. ಹೊಳೆಯುವ ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ. ತೂತಿನ ಅಂಚಿಗೇ ತೇಪೆ ಹಚ್ಚಿದರೆ ಎರಡು ಮಳೆಗಾಲಕ್ಕೆ ಮತ್ತೆ ತೂತು.
5. ಸಿಲ್ ಮತ್ತು ಸ್ಪ್ರಿಂಗ್ ಜಾಗಕ್ಕೆ 18 ಗೇಜ್ ಸಿಆರ್‌ಸಿ (ಕೋಲ್ಡ್ ರೋಲ್ಡ್ ಉಕ್ಕಿನ) ಪತ್ರಾ, ಅಂದರೆ 1.2 ಮಿ.ಮೀ.; ಫ್ಲೋರಿಗೆ 20 ಗೇಜ್, 0.9 ಮಿ.ಮೀ. ಎಂಟಡಿ-ನಾಲ್ಕಡಿಯ ಹಾಳೆ ತಲಾ ಒಂದು ಸಾಕು. ತೆಳು ಹಾಳೆ ಸುಮಾರು 21 ಕಿಲೋ, ದಪ್ಪದ್ದು 28 ಕಿಲೋ ತೂಗುತ್ತದೆ. ಕಡಿಮೆ ತೂಗಿದರೆ ಗೇಜಿನಲ್ಲಿ ಮೋಸ.
6. ಗ್ಯಾಸ್ ವೆಲ್ಡಿಂಗ್ ಬೇಡ, ಶಾಖಕ್ಕೆ ಪತ್ರಾ ಅಲೆ ಅಲೆಯಾಗುತ್ತದೆ. 0.8 ಮಿ.ಮೀ. ವೈರಿನ ಮಿಗ್ (ವೈರೇ ಕರಗಿ ಬೆಸೆಯುವ ವಿದ್ಯುತ್ ವೆಲ್ಡಿಂಗ್) ಇರುವವರನ್ನೇ ಹುಡುಕಿ. ಎರಡೆರಡು ಇಂಚಿಗೊಂದು ಚುಕ್ಕೆ, ಎದುರು ಬದುರು ಜಾಗ ಬದಲಿಸುತ್ತ, ನಡುನಡುವೆ ಆರಲು ಬಿಟ್ಟು, ಕೊನೆಗೆ ಸಂದು ಮುಚ್ಚಬೇಕು.
7. ಮೂಲೆಯಳತೆ ಮತ್ತೆ ನೋಡಿ, ಡೋರು ತೂಗುಹಾಕಿ ಮುಚ್ಚಿ ನೋಡಿ, ಸರಿ ಬಂದರೆ ಮಾತ್ರ ಪೈಪ್ ಕತ್ತರಿಸಿ.

ಸಿಲ್ಲಿನ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ವೆಲ್ಡರ್‌ಗಳು ಅಚ್ಚುಕಟ್ಟಾಗಿರಲೆಂದು ಅವನ್ನೂ ಮುಚ್ಚಿಬಿಡುತ್ತಾರೆ. ಮುಚ್ಚಿದರೆ ಸಿಲ್ ತೊಟ್ಟಿಯಾಗುತ್ತದೆ. ಕೆಲಸ ಮುಗಿದ ಮೇಲೆ ಟೊಳ್ಳು ಜಾಗಗಳಿಗೆಲ್ಲ ಮೇಣದ ಆಂಟಿ-ರಸ್ಟ್ ಸ್ಪ್ರೇ ಹೊಡೆಯಿರಿ. ಹಳೆಯ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಇದೆ. ಅದರಲ್ಲಿ ಆಮ್ಲ ಇರುತ್ತದೆ, ಮೇಲಾಗಿ ಸಂದಿನಿಂದ ಜಿನುಗಿ ಬಣ್ಣ ಎಬ್ಬಿಸುತ್ತದೆ.

ಬ್ರೇಕು, ಸ್ಟೀರಿಂಗು, ಚಕ್ರ

ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಒಂದೇ ಸರ್ಕಿಟ್. ಎಲ್ಲಿ ಒಂದು ಕಡೆ ಸೋರಿದರೂ ಪೂರ್ತಿ ಪೆಡಲ್ ಕೆಳಗೆ ಕೂರುತ್ತದೆ. ಹಾಗಾಗಿ ಇಲ್ಲಿ ಸೆಕೆಂಡ್‌ಹ್ಯಾಂಡ್ ಎಂಬ ಮಾತೇ ಬೇಡ: ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸದು. ಉಕ್ಕಿನ ಪೈಪು ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ; 4.75 ಮಿ.ಮೀ. ಪೈಪು, ತುದಿಗೆ ಡಬಲ್ ಫ್ಲೇರ್ (ಅಗಲಿಸಿ ಎರಡು ಮಡಿಕೆ ಮಾಡಿದ ಬಾಯಿ). ಲೈನರಿನ ಹಳೆಯ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ. ಡ್ರಮ್ಮಿನಲ್ಲಿ ಅಂಚು ಕಟ್ಟಿದ್ದರೆ ಲೇತಿಗೆ ಕೊಡಿ. ಒಂದು ಆಕ್ಸಲಿನ ಎರಡೂ ಡ್ರಮ್ ಒಂದೇ ಅಳತೆಗೆ ಬರಬೇಕು, ಇಲ್ಲದಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಡಾಟ್ 3 ಫ್ಲೂಯಿಡ್, ಸೀಲು ಒಡೆಯದ ಡಬ್ಬಿ. ಬ್ಲೀಡ್ ಮಾಡುವ, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವ, ಕ್ರಮ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹತ್ತಿರದ್ದಕ್ಕೆ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಪೆಡಲ್ ಸ್ಪಂಜಿನಂತಿದ್ದರೆ ಒಳಗೆ ಗಾಳಿ ಉಳಿದಿದೆ. ಎರಡು ಸಲ ಒತ್ತಿದಾಗ ಮೇಲೆ ಬಂದರೆ ಶೂ ಅಡ್ಜಸ್ಟ್‌ಮೆಂಟ್ ಸಡಿಲ. ಒತ್ತಿ ಹಿಡಿದಾಗ ನಿಧಾನ ಇಳಿದರೆ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್.

ಮುಂದೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಮತ್ತು ಬುಷ್: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಬ್ರೇಕ್ ಒತ್ತಿದಾಗಲೂ ಆಡಿದರೆ ಕಿಂಗ್‌ಪಿನ್, ಒತ್ತಿದಾಗ ನಿಂತರೆ ಬೇರಿಂಗ್. ಹಿಂದಿನ ಪಟ್ಟಾ ಜಗ್ಗಿದ್ದರೆ ಕಮಾನ್ (ಪಟ್ಟಾ ಸ್ಪ್ರಿಂಗ್) ಅಂಗಡಿಯವರು ಮತ್ತೆ ಬಾಗಿಸಿ ಕೊಡುತ್ತಾರೆ, ಹೊಸದೇ ಬೇಕೆಂದಿಲ್ಲ. ಟೈರು 14 ಇಂಚು. ಮೂಲ ಅಳತೆ 5.20-14. ರೇಡಿಯಲ್ ಹಾಕುವುದಾದರೆ ಹೊರವ್ಯಾಸ ಅದರ ಆಸುಪಾಸಿನಲ್ಲಿರಲಿ, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ನಾಲ್ಕೂ ಒಂದೇ ಬಗೆ. ಟೈರಿನ ಬದಿಯ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತದೆ, ಹೊಳಪು ನೋಡಿ ಮರುಳಾಗಬೇಡಿ.

ಎಂಜಿನ್

1089 ಸಿಸಿ, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75. ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯುಮಿನಿಯಂ ಹೆಡ್, ಮೂರು ಮೇನ್ ಬೇರಿಂಗ್. ಇದರ ಶತ್ರು ಶಾಖ. ಗುಜರಿಯ ಎಂಜಿನ್ ಕೊಳ್ಳುವಾಗ ಕೈಯಿಂದ ತಿರುಗುತ್ತದೆಯೇ, ನಾಲ್ಕೂ ಪ್ಲಗ್ಗಿನ ಬಣ್ಣ ಒಂದೇ ಇದೆಯೇ, ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದೆಯೇ ನೋಡಿ. ಬೆಳ್ಳಗಿದ್ದರೆ ನೀರು ಸೇರಿದೆ. ಸಿಎನ್‌ಜಿಯಲ್ಲಿ ಓಡಿದ ಟ್ಯಾಕ್ಸಿ ಎಂಜಿನ್ನಾದರೆ ವಾಲ್ವ್ ಸೀಟು ಕುಸಿದಿರುವ ಸಂಭವ ಹೆಚ್ಚು.

ಸ್ಟಾರ್ಟರ್ ಹಾಕಿ ತಿರುಗಿಸಲು ಆಗುವುದಾದರೆ ಕಂಪ್ರೆಷನ್ ಅಳೆಯಿರಿ. ಅಂಕಿ ಎಷ್ಟೆನ್ನುವುದಕ್ಕಿಂತ ನಾಲ್ಕರ ನಡುವಿನ ಅಂತರ ಮುಖ್ಯ, ಶೇ. 15ಕ್ಕಿಂತ ಹೆಚ್ಚಿದ್ದರೆ ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಈ ಒಂದು ಪರೀಕ್ಷೆಯ ಮೇಲೆ ‘ಹಾಫ್ ಎಂಜಿನ್’ (ರಿಂಗು, ವಾಲ್ವ್ ಕೆಲಸ) ಸಾಕೋ ‘ಫುಲ್’ (ಬೋರಿಂಗ್ ಸೇರಿ ಪೂರ್ತಿ) ಬೇಕೋ ನಿಂತಿದೆ. ಬೋರು ಅಂಡಾಕಾರ ತಿಂದಿದ್ದರೆ ಹೊಸ ರಿಂಗು ಹಾಕಿ ದುಡ್ಡು ಉಳಿಸಲು ಹೋಗಬೇಡಿ, ಮೂರು ತಿಂಗಳಿಗೆ ಮತ್ತೆ ಹೊಗೆ. ಮೊದಲು ಓವರ್‌ಸೈಜ್ ಪಿಸ್ಟನ್ ಕೈಗೆ ಬರಲಿ, ಆಮೇಲೆ ಆ ಪಿಸ್ಟನ್ ಅಳತೆಗೆ ಬೋರಿಂಗ್. ತಿರುಗುಮುರುಗು ಮಾಡಿದರೆ ಆ ಅಳತೆಯ ಪಿಸ್ಟನ್ ಬಜಾರಿನಲ್ಲಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂರಬೇಕು.

ಮೇಲಿನ ರಿಂಗಿನ ಬಾಯಿಯ ಸಂದು ಬೋರಿನ ಪ್ರತಿ 25 ಮಿ.ಮೀ.ಗೆ 0.1 ಮಿ.ಮೀ.; ಅಂದರೆ ಇಲ್ಲಿ 0.27ರ ಆಸುಪಾಸು. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ, 0.1 ಮಿ.ಮೀ. ದಾಟಿದರೆ ಫೇಸಿಂಗ್ (ಮೇಲ್ಮೈ ಸಮ ಮಾಡಿಸುವುದು) ಬೇಕು, ಸಮ ಆಗುವಷ್ಟೇ ತೆಗೆಸಿ. ಹೆಡ್ ಬೋಲ್ಟು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-3-4-2.

ರೇಡಿಯೇಟರ್ ತಾಮ್ರ-ಹಿತ್ತಾಳೆಯದಾದ್ದರಿಂದ ಕೋರ್ ಬದಲಿಸಿ ಬೆಸುಗೆ ಹಾಕಿಸಬಹುದು. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಇಲ್ಲಿನ ಹಳೆಯ ಚಾಳಿ. ಬಿಸಿಯಾಗಲು ಕಾರಣ ಹೆಚ್ಚಾಗಿ ಬ್ಲಾಕಿನೊಳಗೆ ಕಟ್ಟಿದ ತುಕ್ಕಿನ ಕೆಸರು. ಹಿಂದಿನ ಸಿಲಿಂಡರಿನ ಬಳಿ ಕೆರೆದು ತೊಳೆಯಿರಿ. ನಲ್ಲಿ ನೀರಿನ ಬದಲು ಕೂಲಂಟ್ ಹಾಕಿ, ಅಲ್ಯುಮಿನಿಯಂ ಹೆಡ್ ಉಳಿಯುತ್ತದೆ.

ಪೆಟ್ರೋಲಿನ ಕಡೆ ಈಗ ಹೊಸ ತಲೆನೋವು ಬಂಕಿನ ಶೇ. 20 ಎಥನಾಲ್. ಹಳೆಯ ರಬ್ಬರ್ ಹೋಸು, ಪಂಪಿನ ಡಯಾಫ್ರಾಮ್ ಉಬ್ಬಿ ಹರಿಯುತ್ತವೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ಎಥನಾಲ್ ತೇವ ಹೀರಿ ತಳದಲ್ಲಿ ತುಕ್ಕು ಎಬ್ಬಿಸುತ್ತದೆ. ಎಥನಾಲ್ ತಡೆಯುವ ಹೋಸು, ಪಂಪಿಗೆ ಹೊಸ ಕಿಟ್, ಪಂಪಿಗೆ ಮೊದಲು ಪಾರದರ್ಶಕ ಫಿಲ್ಟರ್. ಮಿಶ್ರಣ ತೆಳುವಾಗುವುದರಿಂದ ಪ್ಲಗ್ ಬೂದಿಯಂತೆ ಬಿಳಿಯಾದರೆ ಸೋಲೆಕ್ಸ್ ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದು ಹಂತ ದೊಡ್ಡದು ಹಾಕಿ.

ವೈರಿಂಗ್

ಹಳೆಯ ಹಾರ್ನೆಸ್ ಉಳಿಸಲು ಹೋಗಬೇಡಿ, ಅಂಥ ಗಾಡಿ ಸುಡುವುದು ಅಲ್ಲಿಂದಲೇ. ಹೆಡ್‌ಲೈಟಿಗೆ 2.5 ಚದರ ಮಿ.ಮೀ., ಸಣ್ಣ ದೀಪಕ್ಕೆ 1, ಸ್ಟಾರ್ಟರಿಗೆ 25. ಎರಡು 60 ವಾಟ್ ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್. ಇಷ್ಟು ಕರೆಂಟು ಹಳೆಯ ಸ್ವಿಚ್ ಮೂಲಕ ಹಾಯಬಾರದು, 30 ಆಂಪಿಯರ್ ರಿಲೇ ಹಾಕಿ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಎರಡೂ ಅರ್ತ್ ಪಟ್ಟಿ ಇರಲಿ, ಬಣ್ಣ ಕೆರೆದ ಬೋಳು ಲೋಹದ ಮೇಲೆ. ದೀಪ ಮಂಕಾದರೆ ನೂರಕ್ಕೆ ಎಂಬತ್ತು ಪಾಲು ತಪ್ಪು ಅರ್ತಿನದು.

ಬಣ್ಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ, 2ಕೆ (ಹಾರ್ಡನರ್ ಬೆರೆಸುವ) ಬಣ್ಣದೊಳಗೆ ಸಣ್ಣ ಗುಳ್ಳೆ ಏಳುತ್ತದೆ. ಗಣಪತಿಗೆ ಕೊಂಕಣದ ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ ಬೇರೆ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಎಪಾಕ್ಸಿ ಪ್ರೈಮರ್ ಎರಡು ಲೀಟರ್, ಸರ್ಫೇಸರ್ ಮೂರು, ಒಂದೇ ಬಣ್ಣದ 2ಕೆ ಪಿಯು (ಪಾಲಿಯುರೆಥೇನ್) ನಾಲ್ಕು ಲೀಟರ್ ಹಿಡಿಯುತ್ತದೆ, ಡೋರಿನ ಒಳಂಚು ಸೇರಿ. ಪುಟ್ಟಿ 2 ಮಿ.ಮೀ. ದಾಟಬಾರದು. ಉಜ್ಜುಕಾಗದದ ನಂಬರ್ 80, 180, 320, 600 ಹೀಗೆ ಏರಿಸಿ. ನಡುವೆ ಹಾರಿದರೆ ಗೀರು ಒಂದು ತಿಂಗಳ ಮೇಲೆ ಬಿಸಿಲಲ್ಲಿ ಕಾಣುತ್ತದೆ. ಕಂಪ್ರೆಸರ್ ಸಾಲಿಗೆ ನೀರು ಹಿಡಿಯುವ ಫಿಲ್ಟರ್ ಕಡ್ಡಾಯ. 2ಕೆಯ ಹಾರ್ಡನರಿನಲ್ಲಿ ಐಸೋಸಯನೇಟ್ ಇದೆ, ಅದನ್ನು ಬಟ್ಟೆಯ ಮುಸುಕು ತಡೆಯುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮುಖವಾಡ ಇರುವ ಬೂತಿನಲ್ಲೇ ಮಾಡಿಸಿ.

ಮೊದಲ ಸ್ಟಾರ್ಟು, ಮೊದಲ 500 ಕಿಲೋಮೀಟರು

ಪ್ಲಗ್ ಬಿಚ್ಚಿ, ಆಯಿಲ್ ಪ್ರೆಷರ್ ಬರುವವರೆಗೆ ಸ್ಟಾರ್ಟರ್ ತಿರುಗಿಸಿ, ಒಂದು ಸಲಕ್ಕೆ 10 ಸೆಕೆಂಡು ಮೀರದಂತೆ. 20W-50 ಮಿನರಲ್ ಆಯಿಲ್ ಸಾಕು, ದುಬಾರಿ ಸಿಂಥೆಟಿಕ್ ಬೇಡ. ಹಳೆಯ ಸೀಲಿನಿಂದ ಸೋರುತ್ತದೆ. ಹೊಸ ಕ್ಯಾಮ್, ಟ್ಯಾಪೆಟ್ ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಮ್ ಆಸುಪಾಸಿನಲ್ಲಿ 20 ನಿಮಿಷ, ಐಡಲ್‌ಗೆ ಬಿಡಬೇಡಿ. ಪಕ್ಕದಲ್ಲಿ ಅಗ್ನಿಶಾಮಕ ಇರಲಿ.

ಮೊದಲ ಓಟ ಗಾಲಾದ ಆವರಣದೊಳಗೆ, ಬ್ರೇಕಿಗಾಗಿ ಮಾತ್ರ. 50 ಕಿಲೋಮೀಟರಿಗೆ ಚಕ್ರದ ಬೋಲ್ಟು, ಸ್ಪ್ರಿಂಗಿನ ಯೂ-ಬೋಲ್ಟು, ಪ್ರೊಪೆಲರ್ ಶಾಫ್ಟಿನ ಬೋಲ್ಟು ಮತ್ತೆ ಬಿಗಿಯಿರಿ. 500ಕ್ಕೆ ಆಯಿಲ್ ಬದಲಿಸಿ, ತಣ್ಣಗಿರುವಾಗ ಹೆಡ್ ಬೋಲ್ಟಿನ ಟಾರ್ಕ್ ನೋಡಿ, ಟ್ಯಾಪೆಟ್ ಸರಿಮಾಡಿ. ಅಲ್ಲಿಯವರೆಗೆ ವೇಗ 60 ಮೀರದಿರಲಿ, ಘಾಟ್ ಹತ್ತಬೇಡಿ. ವಿಮೆ, ಪಿಯುಸಿ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಇಲ್ಲದೆ ಗಾಲಾದ ಗೇಟು ದಾಟಬೇಡಿ. ಮೇ ಕೊನೆಯ ವಾರ ಒಂದು ತಂತಿ ಹಿಡಿದು ಡೋರು, ಸಿಲ್, ವೈಪರಿನ ಕೆಳಗಿನ ಗಟಾರು, ಎಲ್ಲ ನೀರು ತೂತುಗಳನ್ನೂ ಚುಚ್ಚಿ ತೆರೆದಿಡಿ. ಮೊದಲ ಮಳೆಯ ಮಾರನೆಯ ದಿನ ಕಾಲ್ಚಾಪೆ ಎತ್ತಿ ಫ್ಲೋರ್ ಮುಟ್ಟಿ ನೋಡಿ. ಒದ್ದೆಯಿದ್ದರೆ ಮುಂದಿನ ಗಾಜಿನ ರಬ್ಬರಿನಿಂದ ಹುಡುಕಲು ಶುರುಮಾಡಿ.